ಬೇರು ತಿಂದ ಬಾಣಂತಿ ಆಡು

ಮರಿ ಹಾಕಿ ಎಂಟು ದಿನವಾಗಿದ್ದ ಬೆಳ್ಳಿ ಎಂಬ ಆಡಿಗೆ ಕೆಮ್ಮು ಹತ್ತಿತು. ನಾಟಿವೈದ್ಯರ ಮೂಟೆ ಹೊರುವ ಕತ್ತೆ ಅದನ್ನು ಕೇಳಿ, ಮೂಟೆಯಿಂದ ಒಂದು ಬೇರು ಎಳೆದು ತಂದಿತು.

"ಇದನ್ನು ತಿನ್ನು ತಾಯಿ. ಹತ್ತು ವರ್ಷದಿಂದ ಔಷಧಿ ಹೊರುತ್ತಿದ್ದೇನೆ, ನನಗೆ ಗೊತ್ತಿಲ್ಲದ ಬೇರಿಲ್ಲ."

"ಮರಿಗೆ ಏನೂ ಆಗುವುದಿಲ್ಲವೇ?"

"ತಿನ್ನುವವಳು ನೀನು, ಮರಿಗೇಕೆ ಆದೀತು? ಕಾಡಿನಲ್ಲಿ ತಾನಾಗಿ ಬೆಳೆದ ಬೇರಿದು."

ಬೆಳ್ಳಿ ತಿಂದಳು. ಕೆಮ್ಮು ನಿಂತಿತು. ಆದರೆ ಮಧ್ಯಾಹ್ನ ಹಾಲು ಕುಡಿದು ಮಲಗಿದ ಮರಿ ಎಷ್ಟು ನೆಕ್ಕಿದರೂ ಏಳಲಿಲ್ಲ. ಬೆಳ್ಳಿ ಅರಚುತ್ತ ವೈದ್ಯರ ಬಳಿಗೆ ಓಡಿ, ಕತ್ತೆ ಕೊಟ್ಟ ಬೇರು ತಿಂದದ್ದನ್ನು ಹೇಳಿದಳು.

ವೈದ್ಯರು ಓಡಿಬಂದು ಮರಿಯನ್ನು ಮಡಿಲಿಗೆ ತೆಗೆದುಕೊಂಡರು. "ಬೇರು ಕೆಟ್ಟದ್ದಲ್ಲ ಬೆಳ್ಳಿ. ಆದರೆ ನೀನು ತಿಂದದ್ದು ಹಾಲಿಗೂ ಇಳಿಯಿತು. ನಿನಗೆ ಹಿತವಾದಷ್ಟು ಈ ಪುಟ್ಟ ಮೈಗೆ ಬಹಳವಾಯಿತು. ಮದ್ದು ಕೇಳುವಾಗ ಮೊಲೆ ಕುಡಿಯುವ ಮರಿಯಿದೆ ಎಂದು ಮೊದಲು ನನಗೆ ಹೇಳಬೇಕು."

"ಅವಳು ಕೇಳಿದ್ದಳು. ತಿಳಿಯದೆ ಹೇಳಿದವನು ನಾನು," ಎಂದು ಕತ್ತೆ ತಲೆ ತಗ್ಗಿಸಿತು.

ಸಂಜೆಗೆ ಮರಿ ಕಣ್ಣು ತೆರೆಯಿತು. ವೈದ್ಯರ ಮಾತಿನಂತೆ ಎರಡು ದಿನ ಪಕ್ಕದ ಆಡು ಅದಕ್ಕೆ ಹಾಲೂಡಿತು. ಮೂರನೆಯ ಬೆಳಿಗ್ಗೆ ಅದು ತಾಯಿಯ ಕೆಚ್ಚಲಿಗೆ ಗುದ್ದಿ ಗುದ್ದಿ ಕುಡಿಯತೊಡಗಿತು. ಬೇರು ಬಿಟ್ಟಿದ್ದರಿಂದ ಕೆಮ್ಮು ಮರಳಿತ್ತು; ಬೆಳ್ಳಿ ಕೆಮ್ಮಿದಾಗಲೆಲ್ಲ ಮೊಲೆ ಮರಿಯ ಬಾಯಿಂದ ಜಾರುತ್ತಿತ್ತು. ಮರಿ ಬಾಲ ಅಲ್ಲಾಡಿಸುತ್ತ ಮತ್ತೆ ಹುಡುಕಿ ಹಿಡಿಯುತ್ತಿತ್ತು.