ಸೊಪ್ಪಿನ ಮಡಿಗೆ ಬಂದ ಹಸಿರು ಕಾವಲುಗಾರ

"ಕೇಳಿರಪ್ಪೋ ಕೇಳಿ! ಅರಸುಮಗಳು ಸಾವಳದೇವಿಯ ಮೂರು ಒಗಟು ಬಿಡಿಸಿದವನಿಗೆ ಬೇಡಿದ್ದು ಸಿಗುತ್ತದೆ. ತಪ್ಪಿದವನ ತಲೆ ಉಳಿಯುವುದಿಲ್ಲ!"

ಹೊಂಗಲೂರಿನಲ್ಲಿ ಹೀಗೆ ಡಂಗುರ ಹೊಡೆಸಿದ್ದಕ್ಕೆ ಕಾರಣವಿತ್ತು. ಕಡಲಾಚೆಯ ವರ್ತಕರು ಕೊಟ್ಟ ಬೀಜದಿಂದ ಸಾವಳದೇವಿ ಲೆಟಿಸ್ ಸೊಪ್ಪು ಬೆಳೆಸಿದ್ದಳು. ಹಾಸಿಗೆ ಹಿಡಿದಿದ್ದ ರಾಣಿಯ ಬಾಯಿಗೆ ಸೇರುತ್ತಿದ್ದದ್ದು ಅದೊಂದೇ. ಈಗ ಆ ಗಿಡಗಳು ಬುಡ ಕೊಳೆತು ನೆಲ ಹಿಡಿಯುತ್ತಿದ್ದವು.

ಮೊದಲು ನೆರೆನಾಡಿನ ರಾಜಕುಮಾರ ಬಿಜ್ಜರಸ ಬಂದ.

"ಗಿಡವಿಲ್ಲದೆ ಅರಳುವ ಹತ್ತಿ, ಮುಟ್ಟಿದ್ದನ್ನೆಲ್ಲ ಕೊಳೆಸುತ್ತದೆ. ಏನದು?" ಎಂದಳು ಸಾವಳದೇವಿ.

"ಮಂಜು" ಎಂದ. ಉತ್ತರ ತಪ್ಪಿತ್ತು; ತಲೆ ತೆಗೆಯುವ ದಿನದವರೆಗೆ ಇಡಲು ಭಟರು ಅವನನ್ನು ಸೆರೆಗೆ ಒಯ್ದರು.

ದಳವಾಯಿಯ ಮಗ ಕೇತಯ್ಯ "ಬೂಷ್ಟು" ಎಂದು ಅದನ್ನು ಬಿಡಿಸಿದ. ಅವಳು ಎರಡನೆಯದನ್ನು ಕೇಳಿದಳು: "ಸಾಸಿವೆಯಂಥ ಕಪ್ಪು ಕಾಳು. ಯಾರೂ ಬಿತ್ತುವುದಿಲ್ಲ, ಮಣ್ಣಿನಲ್ಲಿ ವರ್ಷಗಟ್ಟಲೆ ಕಾಯುತ್ತದೆ."

"ಕಳೆಬೀಜ" ಎಂದ ಕೇತಯ್ಯನೂ ಸೆರೆ ಸೇರಿದ.

ಆಮೇಲೆ ಬಂದವನು ತೋಟಕ್ಕೆ ಗೊಬ್ಬರ ಹೊರುವ ಮಾಚ. ಗುಂಪಿನಲ್ಲಿ ನಿಂತು ಎರಡೂ ಒಗಟು ಕೇಳಿಸಿಕೊಂಡಿದ್ದ.

"ನಿನಗೇಕೋ ಈ ಉಸಾಬರಿ?" ಎಂದ ಅರಸ.

"ಗಿಡ ಸಾಯೋದನ್ನ ನೋಡೋಕಾಗ್ತಿಲ್ಲ, ಒಡೆಯಾ" ಎಂದ ಮಾಚ, ಸಾವಳದೇವಿಯ ಕಡೆ ತಿರುಗಿದ. "ಮೊದಲನೆಯದು ಬೂಷ್ಟು. ಎರಡನೆಯದೂ ಅದೇ, ದೇವಿ. ಗಿಡ ಕೊಳೆತ ಮೇಲೆ ಬೂಷ್ಟು ಉಂಡೆಗಟ್ಟಿ, ಕಪ್ಪಾಗಿ, ಮಣ್ಣಿಗೆ ಉದುರುತ್ತೆ. ತಂಪು ಬಿದ್ದಾಗ ಮತ್ತೆ ಹಬ್ಬುತ್ತೆ."

ಸಾವಳದೇವಿ ಮುಂದೆ ಬಾಗಿದಳು. "ಸಂಬಳ ಕೇಳದ, ನಿದ್ದೆ ಮಾಡದ, ಶತ್ರುವನ್ನೇ ಉಂಡು ಬದುಕುವ ಕಾವಲುಗಾರ ನನ್ನ ಮಡಿಗೆ ಬೇಕು. ಯಾರವನು? ಉತ್ತರ ನನಗೂ ಗೊತ್ತಿಲ್ಲ. ತಂದು ತೋರಿಸು."

ಮಾಚ ಒಂದು ಹೆಜ್ಜೆ ಮುಂದೆ ಬಂದ. "ಬೂಷ್ಟನ್ನ ತಿನ್ನೋದು ಇನ್ನೊಂದು ಬೂಷ್ಟು. ತಿಪ್ಪೆಯ ಕೊಳೆತ ಮರದ ಮೇಲೆ ಹಸಿರಾಗಿ ಬೆಳೆಯುತ್ತೆ. ಅದು ಹಬ್ಬಿದ ಕಡೆ ಈ ಕಪ್ಪು ಕಾಳು ಮೆತ್ತಗಾಗಿ ಪುಡಿಯಾಗಿದ್ದನ್ನ ಕಂಡಿದ್ದೇನೆ. ಎರಡು ಮಡಿ ಕೊಡಿ. ಒಂದಕ್ಕೆ ಆ ಹಸಿರು ಬೂಷ್ಟು ಹಬ್ಬಿದ ಗೊಬ್ಬರ ಬೆರೆಸ್ತೀನಿ, ಇನ್ನೊಂದಕ್ಕೆ ಇಲ್ಲ."

"ಫಸಲು ಬರುವವರೆಗೆ ಮೂವರ ತಲೆಯೂ ಇರಲಿ" ಎಂದ ಅರಸ.

ಕಾವಲಿನಲ್ಲೇ ಮಾಚ ನಾಟಿ ಮಾಡಿದ, ನೀರು ಹಾಕಿದ. ಗೊಬ್ಬರವಿಲ್ಲದ ಮಡಿ ಬಿಳಿ ಹತ್ತಿ ಹೊದ್ದು ಕೊಳೆಯಿತು. ಇನ್ನೊಂದರಲ್ಲಿ ಅಲ್ಲೊಂದು ಇಲ್ಲೊಂದು ಸತ್ತರೂ ಉಳಿದ ಗಿಡಗಳು ಗರಿಗರಿಯಾಗಿ ನಿಂತವು. ರಾಣಿ ಎದ್ದು ಕೂತು ಸೊಪ್ಪು ತಿಂದಳು.

"ಬೇಡು" ಎಂದ ಅರಸ.

"ಆ ಇಬ್ಬರನ್ನ ಬಿಟ್ಟುಬಿಡಿ, ಒಡೆಯಾ. ಇದು ಫಲಿಸುತ್ತೆ ಅನ್ನೋ ಖಾತ್ರಿ ನನಗೂ ಇರಲಿಲ್ಲ. ತಪ್ಪಿದ್ದರೆ ನಾನೂ ಅವರ ಜೊತೆಗೇ ಇರ್ತಿದ್ದೆ."

ಅರಸ ಇಬ್ಬರನ್ನೂ ಬಿಡಿಸಿದ.

ಸಾವಳದೇವಿ ಕೇಳಿದಳು: "ನನ್ನನ್ನೇ ಬೇಡಬಹುದಿತ್ತಲ್ಲ?"

"ಧೈರ್ಯ ಬರಲಿಲ್ಲ, ದೇವಿ."

"ಹಾಗಾದರೆ ನಾನೇ ಕೇಳುತ್ತೇನೆ. ನನ್ನನ್ನು ಮದುವೆಯಾಗುತ್ತೀಯಾ?"

ಮಾಚ ಈ ಸಲ ಹಿಂಜರಿಯಲಿಲ್ಲ. "ಹೂಂ" ಎಂದ.