ಎತ್ತು ಕೇಳಿದ ಹಾಡು

ಬಹಳ ಹಿಂದೆ, ನನ್ನ ಅಜ್ಜನ ಅಜ್ಜನಿಗೆ ಇನ್ನೂ ಹಲ್ಲು ಬಂದಿರಲಿಲ್ಲವಂತೆ, ಆಗ ಕರಿಮಣ್ಣಿನ ಸೀಮೆಯಲ್ಲಿ ಮೇಟಿಹಾಳ ಅಂತ ಒಂದು ಊರಿತ್ತು. ಊರು ಚಿಕ್ಕದು, ಕಣ ದೊಡ್ಡದು. ಸುಗ್ಗಿ ಬಂದರೆ ಎಲ್ಲ ಮನೆಯ ಬಿಳಿಜೋಳವೂ ಅದೊಂದೇ ಕಣಕ್ಕೆ ಬರಬೇಕು. ನಡುವೆ ಮೇಟಿಕಂಬ, ಕಂಬಕ್ಕೆ ಸಾಲಾಗಿ ಕಟ್ಟಿದ ಎತ್ತುಗಳು, ಎತ್ತಿನ ಕಾಲಡಿಗೆ ತೆನೆ. ಎತ್ತು ಸುತ್ತಬೇಕು, ತೆನೆ ಕಾಳು ಬಿಡಬೇಕು. ಎತ್ತು ಸುತ್ತಬೇಕಾದರೆ ಹಾಡು ಬೇಕು. ಅದಕ್ಕೆ ಹಂತಿಯ ಹಾಡು ಅಂತಾರೆ.

ಆ ಊರಿಗೆ ಸೊಸೆಯಾಗಿ ಬಂದವಳು ಅಡಿವೆವ್ವ. ಗಂಡ ಯೋಗಪ್ಪ ಹಂತಿಯ ಮೇಳದಲ್ಲಿ ಹಾಡುವವನು. ಅವನ ಮೂಗು ಸೊಟ್ಟ, ಹೊಲ ಅಷ್ಟಕ್ಕಷ್ಟೆ, ಆದರೂ ಅವನ ದನಿ ಕೇಳಿದ ಮೇಲೆ ಅಡಿವೆವ್ವ ಬೇರೆ ವರನ ಮಾತೇ ಬೇಡ ಅಂದಳಂತೆ. ಹಾಗಂತಾರೆ.

ಈ ಊರಿಗೆ ಇದ್ದದ್ದು ಒಂದೇ ಹಾಡು. ಹಿಂದೆ ಯಾವಾಗಲೋ ಯಾರೋ ಅದಕ್ಕೊಂದು ಹೊಸ ನುಡಿ ಸೇರಿಸಿದರಂತೆ, ಅದೇ ವಾರ ಆಲಿಕಲ್ಲು ಬಿತ್ತಂತೆ. ಆಲಿಕಲ್ಲು ಪಕ್ಕದ ಊರಿಗೂ ಬಿದ್ದಿತ್ತು, ಅಲ್ಲಿ ಯಾರೂ ಹಾಡಿರಲಿಲ್ಲ. ಅದನ್ನು ಯಾರು ಕೇಳಬೇಕು? ಹಿರಿಯರು ಕೂತು ಕಟ್ಟು ಮಾಡಿಬಿಟ್ಟರು. ಹಾಡಿನ ಒಂದಕ್ಷರ ಆಚೀಚೆ ಆಗಬಾರದು. ಒಮ್ಮೆ ಮುಗಿದ ಹಾಡನ್ನು ಆ ಸುಗ್ಗಿಯಲ್ಲಿ ಮತ್ತೆ ಎತ್ತಬಾರದು, ಎತ್ತಿದರೆ ಕಣದ ಹುಲುಸು ಹೋಗುತ್ತದೆ. ಹಾಡು ನಡೆದಿರುವಾಗ ಹೆಂಗಸರು ಕಣದೊಳಗೆ ಕಾಲಿಡಬಾರದು.

ಈ ಕಟ್ಟನ್ನು ಕಾಯುವವನು ಮೇಳದ ಹಿರಿಯ ಕಲ್ಲಿನಾಥಪ್ಪ. ಕೆಟ್ಟವನಲ್ಲ ಪಾಪ, ಹೆದರಿದವನು. ಹಾಡು ಕಟ್ಟುವವರ ಕಾಲ ತೀರಿತು, ನಮಗೇನಿದ್ದರೂ ಕಾಯುವ ಕೆಲಸ ಅನ್ನುತ್ತಿದ್ದ. ಈಗಿನವರ ಗಂಟಲೇ ಗಂಟಲಲ್ಲ ಅಂತ ಮುದುಕರು ಗೊಣಗುವರು. ಹಾಡೋಕೆ ಏನಿದೆ ಈ ಊರಲ್ಲಿ ಅಂತ ಹುಡುಗರು ಮೂಗು ಮುರಿಯುವರು. ಇಬ್ಬರದೂ ಬಾಯಿ ಜೋರು, ಒಂದು ಹೊಸ ಸಾಲು ಮಾತ್ರ ಯಾರ ಬಾಯಿಂದಲೂ ಬರಲಿಲ್ಲ.

ಬಂದದ್ದು ಯೋಗಪ್ಪನ ಬಾಯಿಂದ. ಮದುವೆಯಾದ ಮೊದಲ ಸುಗ್ಗಿ. ಅಡಿವೆವ್ವ ತಲೆಯ ಮೇಲೆ ಬುತ್ತಿ ಹೊತ್ತು ಕಣದ ಅಂಚಿನಲ್ಲಿ ನಿಂತಿದ್ದಳು. ಅವಳನ್ನು ನೋಡಿದ ಖುಷಿಗೆ ಅವನ ಹಾಡು ದಾರಿ ಬಿಟ್ಟಿತು. ಬುತ್ತಿ ಹೊತ್ತವಳ ನೆರಳು ಮೇಟಿಯ ತನಕ ಬಂತು, ನೆರಳಿಗಿಲ್ಲ ಕಟ್ಟು ಅಂತ ಒಂದು ನುಡಿ ಹಾಡಿಬಿಟ್ಟ. ಕಲ್ಲಿನಾಥಪ್ಪ ಕೈ ಎತ್ತಿದ. ಹಾಡು ನಿಂತಿತು. ಊರೆದುರು ಯೋಗಪ್ಪನನ್ನು ಕಣದಿಂದ ಆಚೆ ನಿಲ್ಲಿಸಿದರು. ಮೇಳದಿಂದಲೂ ತೆಗೆದರು.

ಅವತ್ತಿನಿಂದ ಯೋಗಪ್ಪ ಹಾಡಲಿಲ್ಲ. ಎತ್ತಿಗೆ ನೀರು ಕುಡಿಸುವಾಗ ಶಿಳ್ಳೆ ಕೂಡ ಹಾಕಲಿಲ್ಲವಂತೆ. ದನಿ ಕೇಳಿ ಬಂದವಳಿಗೆ ಮನೆಯಲ್ಲಿ ಆ ದನಿಯೇ ಇಲ್ಲ. ಅಡಿವೆವ್ವ ಅಳಲಿಲ್ಲ. ಅವನ ನುಡಿಯನ್ನು ಈ ಕಣದಲ್ಲೇ ಕೇಳಿಸಬೇಕು, ಅವನು ಈ ಕಣದಲ್ಲೇ ಹಾಡಬೇಕು ಅಂತ ಮನಸ್ಸು ಗಟ್ಟಿ ಮಾಡಿದಳು. ದಿನಾ ಬೆಳಿಗ್ಗೆ ಬೀಸುಕಲ್ಲಿನ ಮುಂದೆ ಕೂತು ಗಂಡನ ಆ ಒಂದು ನುಡಿ ಹಾಡುವಳು, ಅದಕ್ಕೆ ತನ್ನದೊಂದು ಹೊಸದು ಸೇರಿಸುವಳು. ಬೀಸುಕಲ್ಲಿನ ಹಾಡಿಗೆ ಯಾವ ಹಿರಿಯನ ಕಟ್ಟೂ ಇರಲಿಲ್ಲ. ಬೀಸುವ ಹೆಂಗಸರು ಏನು ಹಾಡುತ್ತಾರೆ ಅಂತ ಯಾವ ಗಂಡಸು ಕಿವಿಗೊಟ್ಟಿದ್ದ? ಹೀಗೇ ಎಷ್ಟೋ ಸುಗ್ಗಿ ಹೋದವು.

ಆಮೇಲೆ ಒಂದು ವರ್ಷ ಬಂತು ನೋಡಿ, ಅಂಥ ಬೆಳೆಯನ್ನು ಊರು ಕಂಡಿರಲಿಲ್ಲ. ತೆನೆಯ ರಾಶಿಯ ಆಚೆ ನಿಂತವರ ರುಮಾಲು ಕೂಡ ಕಾಣುತ್ತಿರಲಿಲ್ಲವಂತೆ. ಹಂತಿ ಹೂಡಿದರು, ಹಾಡು ಎತ್ತಿದರು, ಎತ್ತು ಸುತ್ತಿದವು. ಹಾಡು ಮಂಗಳಕ್ಕೆ ಬಂತು. ತೆನೆ ಇನ್ನೂ ಅರ್ಧ ಉಳಿದಿತ್ತು. ಎತ್ತುಗಳು ಗಕ್ಕನೆ ನಿಂತವು.

ನಿಂತವು ಅಂದರೆ ನಿಂತೇ ಬಿಟ್ಟವು. ವರ್ಷವರ್ಷವೂ ಅದೇ ಹಾಡು, ಅದೇ ಮಂಗಳ, ಮಂಗಳವಾದರೆ ಕಣ್ಣಿ ಬಿಚ್ಚಿ ನೀರು. ಎತ್ತುಗಳಿಗೆ ಹಾಡು ಬಾಯಿಪಾಠವಾಗಿತ್ತು. ಹಾಡು ಮುಗಿಯಿತು, ಕೆಲಸವೂ ಮುಗಿಯಿತು ಅಂತ ಎಲ್ಲವೂ ಒಟ್ಟಿಗೆ ನೀರಿನ ತೊಟ್ಟಿಯ ಕಡೆ ಮುಖ ತಿರುಗಿಸಿದವು. ನೀರು ಕುಡಿಸಿ ಮತ್ತೆ ಹೂಡಿದರು, ಅಲುಗಲಿಲ್ಲ. ಹೊಡೆದರು, ಬಾಲ ತಿರುವಿದರು, ಅಲುಗಲಿಲ್ಲ. ಅಷ್ಟರಲ್ಲಿ ಮೂಡಣದಲ್ಲಿ ಅಕಾಲದ ಮೋಡ ಎದ್ದಿತು. ತೆನೆ ನೆನೆದರೆ ಊರಿನ ವರ್ಷದ ಊಟ ಕಪ್ಪಾಗುತ್ತದೆ. ಹಾಡನ್ನು ಮತ್ತೆ ಮೊದಲಿಂದ ಎತ್ತೋಣ ಅಂದರು ಕೆಲವರು. ಹುಲುಸು ಹೋದರೆ ಯಾರು ಜವಾಬ್ದಾರಿ ಅಂದ ಕಲ್ಲಿನಾಥಪ್ಪ. ಎತ್ತೋಣ ಅಂದವರೇ ಹಿಂದೆ ಸರಿದರು.

ಆಗ ಅಡಿವೆವ್ವ ಕೈಯಲ್ಲಿದ್ದ ಮೊರ ಕೆಳಗಿಟ್ಟು ಕಣದೊಳಗೆ ನಡೆದಳು. ಕಲ್ಲಿನಾಥಪ್ಪ ಅಡ್ಡ ಬಂದ. ಹಾಡು ನಡದಾಗ ಹೆಂಗಸರು ಬರಬಾರದು ಅನ್ನೋದು ಗೊತ್ತಿಲ್ಲೇನು ಅಂತ ಕೇಳಿದ.

"ನಡದಾಗ ಅಲ್ಲೇನ್ರಿ ಯಜಮಾನ್ರ?" ಅಂದಳು ಅಡಿವೆವ್ವ. "ನಿಮ್ಮ ಹಾಡು ಮುಗದೈತಿ."

ಅವಳು ಬೀಸುಕಲ್ಲಿನ ಮಟ್ಟಿನಲ್ಲಿ ಒಂದು ನುಡಿ ಎತ್ತಿದಳು. ಎತ್ತುಗಳು ಕಿವಿ ನಿಮಿರಿಸಿದವು, ಎರಡು ಹೆಜ್ಜೆ ಇಟ್ಟವು, ಮತ್ತೆ ನಿಂತವು. ಗಂಡಸರು ಮುಸಿಮುಸಿ ನಕ್ಕರು. ಅವಳ ಮುಖ ಕೆಂಪಾಯಿತು, ಆದರೆ ಕಾಲು ಹಿಂದೆ ಹೋಗಲಿಲ್ಲ. ಬೀಸುಕಲ್ಲು ಕೂತು ತಿರುಗಿಸುವುದು, ಹಂತಿ ನಡೆದು ತಿರುಗುವುದು. ಆ ಮಟ್ಟು ಇಲ್ಲಿಗೆ ನಿಧಾನವಾಯಿತು ಅಂತ ಅವಳಿಗೇ ತಿಳಿಯಿತು. ಮುಂದಿನ ಎತ್ತಿನ ಮೂಗುದಾರ ಹಿಡಿದು ಪಕ್ಕದಲ್ಲೇ ನಡೆದಳು, ಅದರ ಕೊರಳ ಗಂಟೆಗೆ ಮಾತು ಹೊಂದಿಸಿದಳು. ಕುಂಟುವ ಮಚ್ಚೆ ಎತ್ತಿನ ಮೇಲೊಂದು ನುಡಿ, ಮೂಡಣದ ಮೋಡದ ಮೇಲೊಂದು, ಕಲ್ಲಿನಾಥಪ್ಪನ ಜಾರಿದ ರುಮಾಲಿನ ಮೇಲೊಂದು. ಹಾಡು ಎಲ್ಲಿ ನಿಲ್ಲುತ್ತದೆ ಅಂತ ಎತ್ತುಗಳಿಗೆ ಗೊತ್ತಿಲ್ಲ. ಗೊತ್ತಿಲ್ಲದಿದ್ದರೆ ನಿಲ್ಲುವುದು ಹೇಗೆ? ನಡೆದವು.

ಸುತ್ತಿ ಸುತ್ತಿ ಅವಳ ದನಿ ಒಡೆಯಿತು. ಮಾತು ತೀರಿತು. ಉಳಿದದ್ದು ಒಂದೇ, ಗಂಡನ ಆ ನುಡಿ. ಅದನ್ನೇ ಎತ್ತಿದಳು. ಬುತ್ತಿ ಹೊತ್ತವಳ ನೆರಳು ಮೇಟಿಯ ತನಕ ಬಂತು, ಅಂತ ಹಾಡುವಾಗ ಗಂಟಲು ಪೂರ್ತಿ ಕಟ್ಟಿತು. ಎತ್ತಿನ ಕಾಲು ತಡೆಯಿತು. ಆಗ ಕಣದ ಅಂಚಿನಿಂದ ಇನ್ನೊಂದು ದನಿ ಬಂತು. ನೆರಳಿಗಿಲ್ಲ ಕಟ್ಟು, ಅಂತ ಯೋಗಪ್ಪ ಹಾಡಿದ. ಹಾಡುತ್ತಲೇ ಒಳಗೆ ಬಂದು ಇನ್ನೊಂದು ಎತ್ತಿನ ಹಗ್ಗ ಹಿಡಿದ. ಅಡಿವೆವ್ವನ ಕಣ್ಣಲ್ಲಿ ಅವತ್ತು ನೀರು ಬಂತಂತೆ. ಬರಲಿ ಬಿಡಿ, ಎಷ್ಟು ವರ್ಷದ್ದೋ ಏನೋ.

ಮತ್ತೆ ಅವಳು ಯಾರನ್ನೂ ಬಿಡಲಿಲ್ಲ. ನಂದು ತೀರಿತು, ಈಗ ನೀ ಹೇಳು ಅಂತ ಒಬ್ಬೊಬ್ಬರ ಮುಂದೆ ಕೈ ಚಾಚಿದಳು. ಬಾಣಂತಿ ಹಾಡಿದಳು, ಕುರಿಯವನು ಹಾಡಿದ, ಮೂಗು ಮುರಿಯುತ್ತಿದ್ದ ಹುಡುಗರು ಹಾಡಿದರು. ಕೊನೆಗೆ ಕೈ ಕಲ್ಲಿನಾಥಪ್ಪನ ಮುಂದೆ ಬಂತು. ಜೀವಮಾನದಲ್ಲಿ ಒಂದು ಸಾಲು ಕಟ್ಟಿದವನಲ್ಲ. ಅವನಿಗೆ ಬೆವರು ಬಂತು. ಮೋಡ ಬಂತು, ಎತ್ತೇ ನಡಿ, ನನಗೇನೂ ತಿಳಿಯದು ನಡಿ, ಅಂದ. ಅದೊಂದು ಹಾಡೇ? ಆದರೂ ಎತ್ತು ನಡೆದವು. ಕಲ್ಲಿನಾಥಪ್ಪ ಮೊದಲು ತಾನೇ ನಕ್ಕ, ಆಮೇಲೆ ಕಣವೇ ನಕ್ಕಿತು. ಕೊನೆಯ ಕಾಳು ನೆಲದೊಳಗಿನ ಹಗೇವಿಗೆ ಇಳಿದು, ಅದರ ಬಾಯಿ ಮುಚ್ಚಿದ ಮೇಲೆ ಮಳೆ ಬಿತ್ತಂತೆ. ಹಾಗಂತಾರೆ.

ಮುಂದಿನ ಸುಗ್ಗಿಗೆ ಹಿರಿಯರು ಅಡಿವೆವ್ವನ ಮನೆಗೇ ಬಂದರು. ಭಾರೀ ಗೌರವದಿಂದ ಕೂತರು. ಇನ್ನು ಮೇಲೆ ನಿನ್ನ ಹಾಡೇ ನಮ್ಮ ಊರಿನ ಹಾಡು, ಅದರ ಒಂದಕ್ಷರ ಆಚೀಚೆ ಆಗದಂತೆ ನಾವು ಕಾಯುತ್ತೇವೆ, ಒಮ್ಮೆ ಹೇಳಿಕೊಡು ಅಂದರು. ನೋಡಿ, ಬುದ್ಧಿ ಬಂದರೂ ಎಲ್ಲಿಗೆ ಬಂತು! ಅಡಿವೆವ್ವ ಬೀಸುವ ಕೈ ನಿಲ್ಲಿಸಲಿಲ್ಲ.

"ಅದನ್ನ ಎತ್ತು ಕೇಳ್ಯಾವು," ಅಂದಳು. "ಹೊಸದು ತರ್ರಿ."

ಅವಳು ಹೋಗಿ ಎಷ್ಟು ಕಾಲವಾಯಿತೋ ಲೆಕ್ಕವಿಲ್ಲ. ಈಗ ಮೇಟಿಹಾಳದಲ್ಲಿ ಎತ್ತೂ ಇಲ್ಲ, ರಾಶಿಗೆ ಮಷೀನು ಬರುತ್ತದೆ. ಬಂದರೂ ಡ್ರೈವರ್ ಇಂಜಿನ್ ಆರಿಸಿ ಕಾಯಬೇಕು. ಊರಿನವರು ಯಾರಾದರೂ ಒಬ್ಬರು ಕಣಕ್ಕೆ ಇಳಿದು, ಯಾರೂ ಕೇಳಿರದ ಒಂದು ನುಡಿ ಹಾಡಬೇಕು. ಚೆನ್ನಾಗಿಲ್ಲದಿದ್ದರೂ ನಡೆಯುತ್ತದೆ, ಕಲ್ಲಿನಾಥಪ್ಪನದು ಏನು ಚೆನ್ನಾಗಿತ್ತೇ? ಹೋದ ವರ್ಷದ್ದನ್ನು ಯಾರಾದರೂ ಎತ್ತಿದರೆ, ಎತ್ತು ಕಂಡೇ ಇರದ ಮಕ್ಕಳು ಕೂಡ ಕೂಗುತ್ತಾರೆ, ಎತ್ತು ಕೇಳ್ಯಾವು ಅಂತ. ಹಾಡಿನ ಕಾಲ ಮುಗಿಯಿತು ಅಂತ ಕಟ್ಟೆಯ ಮೇಲೆ ಗೊಣಗಿದವರನ್ನು ಮರುವರ್ಷ ಕಣಕ್ಕೆ ಇಳಿಸುವುದು ಅಲ್ಲಿಯ ರೂಢಿ. ನನ್ನನ್ನೂ ಒಮ್ಮೆ ಇಳಿಸಿದ್ದರು.

ಅವತ್ತು ಅಡಿವೆವ್ವ ಹಾಡಿದ ಹಾಡು ಯಾವುದು ಅಂತ ನಾನು ಆ ಊರನ್ನೆಲ್ಲ ಕೇಳಿದ್ದೇನೆ. ಗಂಡನ ಒಂದು ನುಡಿ ಬಿಟ್ಟರೆ ಅವಳದು ಒಂದು ಸಾಲೂ ಯಾರಿಗೂ ಗೊತ್ತಿಲ್ಲ. ಅವಳು ಹೇಳಿದ್ದನ್ನು ಅಷ್ಟು ಚೆನ್ನಾಗಿ ನಡೆಸಿಕೊಂಡು ಬಂದಿದ್ದಾರೆ.