ಜಾಗಟೆಯ ಮಗ್ಗುಲಲ್ಲಿ ನಿಂತ ಗೆಜ್ಜೆ

ಮೊಬೈಲಿನ ಹೊಟ್ಟೆಯಲ್ಲೊಂದು ಜರಡಿ ಇತ್ತು. ರೆಕಾರ್ಡ್ ಆಗುವ ಹಾಡಿನ ಸದ್ದನ್ನೆಲ್ಲ ಬಿಡಿಸಿ, ನಿಧಾನಕ್ಕೆ ಕಂಪಿಸುವ ದಪ್ಪ ದನಿ ಒಂದು ಕಡೆ, ಬೇಗಬೇಗ ಕಂಪಿಸುವ ಕೀಚಲು ದನಿ ಇನ್ನೊಂದು ಕಡೆ ಮಾಡಿ, ಮನುಷ್ಯರ ಕಿವಿಗೆ ಕೇಳದ್ದನ್ನು ಆಚೆ ಚೆಲ್ಲುವುದೇ ಅದರ ಕೆಲಸ. ಚೆಲ್ಲಿದ್ದು ಮತ್ತೆ ಹಾಡಿಗೆ ಬರುವಂತಿಲ್ಲ.

ಸರದಿಯಲ್ಲಿ ನಿಂತ ಗೆಜ್ಜೆಯ ದನಿಗೆ ಜೀವ ಬಾಯಿಗೆ ಬಂತು. ಓಡಿಹೋಗಿ ಜಾಗಟೆಯ ದನಿಯನ್ನು ಹಿಡಿದುಕೊಂಡಿತು.

"ಜಾಗಟೆಯಣ್ಣ, ನಿನ್ನ ಮಗ್ಗುಲಲ್ಲೇ ಇರ್ತೀನಿ. ನಿನ್ನಂಥ ದೊಡ್ಡೋರ ಜೊತೆ ಇದ್ರೆ ನನ್ನನ್ನ ಯಾರು ಮುಟ್ತಾರೆ?"

"ಬಾ ತಂಗಿ, ನಾನಿರುವಾಗ ನಿಂಗೇನು ಭಯ!"

ಜಾಗಟೆ ಢಣ್ ಎಂದಿತು. ಅದೇ ಗಳಿಗೆಗೆ ಗೆಜ್ಜೆ ಘಲ್ ಎಂದಿತು. ಜರಡಿ ಗೆಜ್ಜೆಯನ್ನು ಆಚೆ ಚೆಲ್ಲಲು ಎತ್ತಿ ಹಿಡಿಯಿತು.

"ಅಯ್ಯೋ, ಬಿಡಪ್ಪಾ! ನಾನು ಜಾಗಟೆಯಣ್ಣನ ಕಡೆಯೋಳು!"

"ಅದಕ್ಕೇ ಕಣಮ್ಮ. ಅವನು ಕೂಗುವಾಗ ಮಗ್ಗುಲಲ್ಲಿ ನಿಂತೋರ ದನಿ ಯಾರಿಗೂ ಕೇಳಲ್ಲ."

"ಅಣ್ಣಾ, ನೀನಾದ್ರೂ ಹೇಳೋ!" ಎಂದು ಗೆಜ್ಜೆ ಅರಚಿತು. ತನ್ನದೇ ಢಣಢಣದಲ್ಲಿದ್ದ ಜಾಗಟೆಗೆ ಅದೂ ಕೇಳಲಿಲ್ಲ.

ವಾದ್ಯಗಳೆಲ್ಲ ಸುಮ್ಮನಾದ ಮೇಲೆ, ಯಾರೂ ಕರೆಯದ ಸೊಳ್ಳೆಯೊಂದು ಒಂಟಿಯಾಗಿ ಗುಂಯ್ ಎಂದಿತು.

"ನಿನ್ನದು ಚೆನ್ನಾಗಿ ಕೇಳ್ತಾ ಇದೆ, ಬಾರಯ್ಯ ಒಳಕ್ಕೆ," ಎಂದಿತು ಜರಡಿ.

ಆ ಹಾಡು ಮುಗಿಯುವಾಗ ಕೇಳಿದವರೆಲ್ಲ ಈಗಲೂ ತಮ್ಮ ಕೆನ್ನೆಗೆ ತಾವೇ ಪಟಾರನೆ ಬಾರಿಸಿಕೊಳ್ಳುತ್ತಾರೆ.